ತಟ್ಟೆಯಲ್ಲಿ ಸತ್ತ ಬ್ಯಾಕ್ಟೀರಿಯ, ಅಂಗಡಿಗೆ ಬಾರದ ಮದ್ದು

ಬ್ರಹ್ಮಾವರ ಸಮೀಪದ ಓದುಗಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು. ಕಳೆದ ಮಳೆಗಾಲದಲ್ಲಿ ನೇಜಿ ನೆಡಲು ಗದ್ದೆಗಿಳಿದ ಅವರ ಮಾವನವರಿಗೆ ಜ್ವರ ಹಿಡಿಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕ್ಷಯವಿರಬೇಕೆಂದು ಒಂದಷ್ಟು ದಿನ ಮದ್ದು ನಡೆದು, ಕೊನೆಗೆ ಮಣ್ಣಿನ ಬ್ಯಾಕ್ಟೀರಿಯದಿಂದ ಬರುವ ಮೆಲಿಯಾಯ್ಡೋಸಿಸ್ ಎಂದು ಗೊತ್ತಾಯಿತು. ಎರಡು ವಾರ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಅವರ ಪ್ರಶ್ನೆ: “ಗಿಡದ ಸಾರ ಬ್ಯಾಕ್ಟೀರಿಯ ಕೊಂದಿತು, ಹೊಸ ಔಷಧಕ್ಕೆ ದಾರಿ ಎಂಬ ಸುದ್ದಿ ಆಗಾಗ ಓದುತ್ತೇನೆ. ಆ ಮದ್ದುಗಳೆಲ್ಲ ಎಲ್ಲಿ ಹೋಗುತ್ತವೆ? ದೊಡ್ಡ ಕಂಪೆನಿಗಳು ಮುಚ್ಚಿಹಾಕುತ್ತವೆಯೇ? ಎಂಎಸ್ಸಿ ಓದುವ ಮಗಳು ಆಟಿ ಅಮಾವಾಸ್ಯೆಯಂದು ಕಷಾಯ ಮಾಡಿ ಕುಡಿಯುವ ಪಾಲೆ ಮರದ ಕೆತ್ತೆಯ (ತೊಗಟೆಯ) ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಎನ್ನುತ್ತಾಳೆ, ಮಾಡಲಿಯೇ?”

ಅಮ್ಮಾ, ಮುಚ್ಚಿಹಾಕುವುದಕ್ಕೆ ಅವರ ಕೈಯಲ್ಲಿ ಮೊದಲು ಏನಾದರೂ ಇರಬೇಕಲ್ಲ!

ತಟ್ಟೆಯ ಮೇಲೆ ಬ್ಯಾಕ್ಟೀರಿಯ ಕೊಲ್ಲುವುದು ದೊಡ್ಡ ಸಂಗತಿಯಲ್ಲ. ಫಿನಾಯಿಲ್ ಕೊಲ್ಲುತ್ತದೆ, ಬ್ಲೀಚಿಂಗ್ ಪುಡಿ ಕೊಲ್ಲುತ್ತದೆ. ಸಾರ ತೆಗೆಯಲು ಬಳಸಿದ ಆಲ್ಕೊಹಾಲ್ ಪೂರ್ತಿ ಆರದೆ ಉಳಿದಿದ್ದರೆ ಅದೂ ಕೊಂದೀತು. ಪತ್ರಿಕಾ ಕಚೇರಿಗೆ ಇಂಥ ಪ್ರಕಟಣೆ ಬಂದಾಗ ನಾನು ಮೊದಲು ಹುಡುಕುವುದು ಸಾಂದ್ರತೆಯನ್ನು. ಒಳ್ಳೆಯ ಆಂಟಿಬಯಾಟಿಕ್ ಮಿಲಿಲೀಟರಿಗೆ ಒಂದೆರಡು ಮೈಕ್ರೊಗ್ರಾಂ ಇದ್ದರೂ ಸೂಕ್ಷ್ಮಾಣುವಿನ ಬೆಳವಣಿಗೆ ನಿಲ್ಲಿಸುತ್ತದೆ. ಗಿಡದ ಸಾರದ ವರದಿಗಳಲ್ಲಿ ಲೆಕ್ಕ ಬಹಳ ಸಲ ಮಿಲಿಗ್ರಾಮಿನಲ್ಲಿರುತ್ತದೆ, ಅಂದರೆ ಸಾವಿರ ಪಟ್ಟು ಹೆಚ್ಚು. ಮಿಲಿಲೀಟರಿಗೆ 5 ಮಿಲಿಗ್ರಾಂ ಬೇಕು ಎಂದಾದರೆ, ಮೈಯ ಸುಮಾರು 5 ಲೀಟರ್ ರಕ್ತಕ್ಕೆ 25 ಗ್ರಾಂ ಸಾರ ಸೇರಬೇಕು. ಕುಡಿದದ್ದೆಲ್ಲ ರಕ್ತಕ್ಕೆ ಹೋಗುವುದೂ ಇಲ್ಲ. ಇನ್ನು ಫೋಟೋದಲ್ಲಿ ಸಾರದ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ಉಳಿದು ಕಾಣುವ ಆ ತಿಳಿ ವೃತ್ತ: ಅದರ ಅಗಲ ಮದ್ದಿನ ಬಲವನ್ನಷ್ಟೇ ಹೇಳುವುದಿಲ್ಲ, ಸಾರ ತಟ್ಟೆಯಲ್ಲಿ ಬ್ಯಾಕ್ಟೀರಿಯ ಬೆಳೆಸುವ ಅಗರ್ ಎಂಬ ಲೋಳೆಯಲ್ಲಿ ಎಷ್ಟು ಸಲೀಸಾಗಿ ಹರಡಿತು ಎಂಬುದನ್ನೂ ಹೇಳುತ್ತದೆ.

ಹೊಸ ಮದ್ದಿಗಾಗಿ ನಡೆಯುವ ನಿಜವಾದ ಜಾಲಾಟದ ರೀತಿ ಬೇರೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಅಥವಾ 384 ಗುಳಿಗಳು. ಪ್ರತಿ ಗುಳಿಯಲ್ಲಿ ಪೋಷಕ ದ್ರವ, ಎಣಿಸಿ ಬಿಟ್ಟ ಬ್ಯಾಕ್ಟೀರಿಯ, ಒಂದೊಂದು ರಾಸಾಯನಿಕ. ಹದವಾದ ಬೆಚ್ಚಗಿನಲ್ಲಿ ಒಂದು ರಾತ್ರಿ. ಬೆಳಗ್ಗೆ ಗುಳಿ ಮಬ್ಬಾಗಿದ್ದರೆ ಬ್ಯಾಕ್ಟೀರಿಯ ಬೆಳೆದಿದೆ, ತಿಳಿಯಾಗಿದ್ದರೆ ಏನೋ ತಡೆದಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಶುರುವಾದ ‘ಕೊ-ಆ್ಯಡ್’ ಎಂಬ ಯೋಜನೆ ಜಗತ್ತಿನ ಯಾವ ಮೂಲೆಯ ರಸಾಯನಶಾಸ್ತ್ರಜ್ಞ ಕಳಿಸಿದ ವಸ್ತುವನ್ನೂ ಹೀಗೆ ಉಚಿತವಾಗಿ ಪರೀಕ್ಷಿಸಿಕೊಟ್ಟಿತು. ಐದು ಬ್ಯಾಕ್ಟೀರಿಯ, ಎರಡು ಶಿಲೀಂಧ್ರ, ಮಿಲಿಲೀಟರಿಗೆ 32 ಮೈಕ್ರೊಗ್ರಾಂ. ಅಷ್ಟರಲ್ಲಿ ಪರಿಣಾಮ ಕಾಣದಿದ್ದರೆ ಅಲ್ಲಿಗೇ ಮುಗಿಯಿತು. ನಮ್ಮ ಸುದ್ದಿಯ ಸಾರಗಳನ್ನು ಈ ಗೆರೆಯ ಎದುರು ನಿಲ್ಲಿಸಿ ನೋಡಿ.

ಗೆರೆ ದಾಟಿದವೂ ಗೆದ್ದಂತಲ್ಲ. ಮುಂದೆ ಮನುಷ್ಯನ ಮೂತ್ರಪಿಂಡದ ಜೀವಕೋಶಗಳ ಮೇಲೆ ಅದೇ ವಸ್ತು ಹಾಕುತ್ತಾರೆ, ಕೆಂಪು ರಕ್ತಕಣ ಒಡೆಯುತ್ತದೆಯೇ ನೋಡುತ್ತಾರೆ. ಬ್ಯಾಕ್ಟೀರಿಯವನ್ನೂ ನಮ್ಮನ್ನೂ ಒಟ್ಟಿಗೆ ಕೊಲ್ಲುವ ವಸ್ತುಗಳು ಇಲ್ಲಿ ಗುಂಪುಗುಂಪಾಗಿ ಉದುರುತ್ತವೆ. ಉಳಿದದ್ದಕ್ಕೆ ರಕ್ತದ್ರವ ಸೇರಿಸಿದರೆ ಪ್ರೊಟೀನಿಗೆ ಅಂಟಿಕೊಂಡು ಕೆಲವು ನಿಷ್ಕ್ರಿಯವಾಗುತ್ತವೆ. ಆಮೇಲೆ ಇಲಿ, ಆಮೇಲೆ ಮನುಷ್ಯ. ಈ ಪರೀಕ್ಷೆಗಳ ಮುಖ್ಯ ಕೆಲಸ ಹುಡುಕುವುದಕ್ಕಿಂತ ಹೆಚ್ಚಾಗಿ ಎಸೆಯುವುದು. ಸುದ್ದಿಯಾಗುವುದು ಮೊದಲ ಮೆಟ್ಟಿಲು, ಎಸೆದದ್ದು ಅಚ್ಚಾಗುವುದು ಅಪರೂಪ. ನಿಮ್ಮ ‘ಎಲ್ಲಿ ಹೋಗುತ್ತವೆ’ಗೆ ಉತ್ತರ ಬಹುಮಟ್ಟಿಗೆ ಇದೇ.

ದೊಡ್ಡವರೂ ಸೋತಿದ್ದಾರೆ. ಔಷಧ ಕಂಪೆನಿ ಗ್ಲಾಕ್ಸೊಸ್ಮಿತ್‌ಕ್ಲೈನ್ 1995ರಿಂದ 2001ರವರೆಗೆ ಸುಮಾರು 70 ಜಾಲಾಟ ನಡೆಸಿತು, ಒಂದೊಂದರಲ್ಲೂ ಲಕ್ಷಗಟ್ಟಲೆ ರಾಸಾಯನಿಕ. ಮುಂದುವರಿಸಲು ಯೋಗ್ಯವೆನಿಸಿದ್ದು ಐದು ಮಾತ್ರ. ಅದನ್ನು ಬಚ್ಚಿಡದೆ 2007ರಲ್ಲಿ ತಾವೇ ಪ್ರಕಟಿಸಿದರು. ಬ್ಯಾಕ್ಟೀರಿಯದ ಒಂದೊಂದು ಪ್ರೊಟೀನನ್ನು ಪ್ರತ್ಯೇಕವಾಗಿ ತೆಗೆದು, ಅದನ್ನು ತಡೆಯುವ ಅಣು ಹುಡುಕುವುದು ಅವರ ದಾರಿ. ಅಣು ಸಿಕ್ಕರೂ ಜೀವಂತ ಬ್ಯಾಕ್ಟೀರಿಯದ ಒಳಗೆ ಅದು ಹೋಗಬೇಕಲ್ಲ!

ತೊಡಕಿರುವುದು ಅಲ್ಲೇ, ನಿಮ್ಮ ಮಾವನವರ ಕಾಯಿಲೆಗೂ ಅದು ಅನ್ವಯಿಸುತ್ತದೆ. ಮೆಲಿಯಾಯ್ಡೋಸಿಸ್ ತರುವ ಬರ್ಕೊಲ್ಡೇರಿಯ ಸೂಡೊಮ್ಯಾಲಿ ಗ್ರಾಂ-ನೆಗೆಟಿವ್ ಗುಂಪಿನದು. ಈ ಗುಂಪಿನವಕ್ಕೆ ಎರಡು ಪೊರೆ, ಹೊರಪೊರೆಯಲ್ಲಿ ಕಿರಿದಾದ ರಂಧ್ರಗಳು. ಹೇಗೋ ನುಸುಳಿದ ಮದ್ದನ್ನು, ದೋಣಿಗೆ ನುಗ್ಗಿದ ನೀರನ್ನು ಮಲ್ಪೆಯ ಮೀನುಗಾರರು ಮೊಗೆದು ಚೆಲ್ಲುವ ಹಾಗೆ, ಪಂಪುಗಳು ಹೊರಗೆ ಚೆಲ್ಲುತ್ತವೆ. ಜೆಂಟಾಮೈಸಿನ್ ಈ ರೋಗಕ್ಕೆ ನಾಟದಿರುವುದು ಅಂಥ ಪಂಪಿನಿಂದ. ಪೆನಿಸಿಲಿನ್ನನ್ನು ಅದರ ಕಿಣ್ವವೇ ಮುರಿಯುತ್ತದೆ. ಯಾರೋ ಮಾತ್ರೆ ಅರ್ಧಕ್ಕೆ ಬಿಟ್ಟದ್ದರಿಂದ ಬಂದ ನಿರೋಧವಲ್ಲ ಇದು, ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಬದುಕುವ ಜೀವಿಯ ಹುಟ್ಟುಗುಣ. ಸಾಲದ್ದಕ್ಕೆ ನಮ್ಮ ಜೀವಕೋಶಗಳೊಳಗೆ, ಕೀವುಗುಳ್ಳೆಗಳಲ್ಲಿ ಅಡಗಿ ಕೂರುತ್ತದೆ. ಮೂರರಿಂದ ಆರು ತಿಂಗಳು ಮಾತ್ರೆ ನುಂಗಿಸುವುದು ಅದಕ್ಕೇ. ಮಾವನವರು ‘ಈಗ ಹುಷಾರಾಗಿದ್ದೇನೆ, ಸಾಕು’ ಎಂದರೆ ದಯವಿಟ್ಟು ಬಿಡಬೇಡಿ, ರೋಗ ಮರುಕಳಿಸಬಹುದು.

ಅವರಿಗೆ ಕೊಟ್ಟದ್ದು ಸೆಫ್ಟಜಿಡೈಮ್ ಇರಬಹುದು, ಮೆರೊಪೆನೆಮ್ ಇರಬಹುದು, ಮಾತ್ರೆ ಕೊಟ್ರೈಮಾಕ್ಸಜೋಲ್ ಇರಬೇಕು. ಎಲ್ಲವೂ ಹಳೆಯವೇ. ಆದರೆ ಹಳೆಯದೆಂದು ಹಗುರ ಮಾಡಬೇಡಿ. 1989ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಒಂದು ಪ್ರಯೋಗದಲ್ಲಿ ಸೆಫ್ಟಜಿಡೈಮ್ ಬಂದದ್ದೇ, ತೀವ್ರ ರೋಗಿಗಳ ಸಾವು ಶೇ. 74ರಿಂದ 37ಕ್ಕೆ ಇಳಿಯಿತು.

ಹಾಗಾದರೆ ಈ ರೋಗಕ್ಕೆಂದೇ ಹೊಸತನ್ನು ಯಾರೂ ಯಾಕೆ ಹುಡುಕುವುದಿಲ್ಲ? ಹುಡುಕುವವರಿದ್ದಾರೆ, ಕಡಿಮೆ. ಈ ಬ್ಯಾಕ್ಟೀರಿಯವನ್ನು ಬೆಳೆಸಿ ಮದ್ದು ಪರೀಕ್ಷಿಸಲು ಮೂರನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು. ಅಮೆರಿಕವಂತೂ ಇದನ್ನು ಜೈವಿಕ ಅಸ್ತ್ರವಾಗಬಲ್ಲವುಗಳ ಪಟ್ಟಿಯಲ್ಲಿಟ್ಟಿದೆ. ಇತ್ತ, ಹೊಸ ಆಂಟಿಬಯಾಟಿಕ್ ತುರ್ತಾಗಿ ಬೇಕಾದ ಬ್ಯಾಕ್ಟೀರಿಯಗಳೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿ 2024ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ. ಕೊ-ಆ್ಯಡ್‌ನ ಐದರಲ್ಲೂ ಇಲ್ಲ. ಯಾವ ಗುಳಿಗೆ ಯಾವ ಸೂಕ್ಷ್ಮಾಣು ಬೀಳಬೇಕೆಂದು ನಿರ್ಧರಿಸುವುದು ಇಂಥ ಪಟ್ಟಿಗಳು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ವರ್ಷಗಳಿಂದ ಈ ರೋಗದ ಬೆನ್ನು ಹತ್ತದೇ ಹೋಗಿದ್ದರೆ, ನಮ್ಮ ಜಿಲ್ಲೆಯಲ್ಲಿ ಇದು ಕ್ಷಯದ ಹೆಸರಿನಲ್ಲೇ ಇನ್ನಷ್ಟು ದಾಟಿಹೋಗುತ್ತಿತ್ತು ಎಂದು ನನಗನಿಸುತ್ತದೆ.

ದುಡ್ಡಿನ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಅಕಾವೊಜೆನ್ ಎಂಬ ಕಂಪೆನಿ ಪ್ಲಾಜೊಮೈಸಿನ್ ಎಂಬ ಹೊಸ ಆಂಟಿಬಯಾಟಿಕ್‌ಗೆ 2018ರಲ್ಲಿ ಪರವಾನಗಿ ಪಡೆಯಿತು, 2019ರಲ್ಲಿ ದಿವಾಳಿಯಾಯಿತು. ಹೊಸ ಮದ್ದನ್ನು ವೈದ್ಯರು ಕೊನೆಯ ಅಸ್ತ್ರವೆಂದು ಕಾದಿಡುತ್ತಾರೆ, ಇಡಬೇಕು ಕೂಡ. ಮಾರಾಟವಾಗದ ಸರಕಿಗೆ ಬಂಡವಾಳ ಹಾಕುವವರು ಯಾರು? ನಿಮ್ಮ ಸಂಶಯದಲ್ಲಿ ನಿಜವಿರುವುದು ಇಷ್ಟೇ: ಕಂಪೆನಿಗಳು ಮುಚ್ಚಿಡುತ್ತಿಲ್ಲ, ಎದ್ದು ಹೋಗುತ್ತಿವೆ.

ಇನ್ನು ಮಗಳ ಪ್ರಾಜೆಕ್ಟ್. ಮಾಡಲಿ. ಮರದಿಂದ, ಮಣ್ಣಿನಿಂದ ಮದ್ದು ಬರುವುದಿಲ್ಲ ಎಂದು ನಾನು ಹೇಳಿಲ್ಲ. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಾಣುವಿನಿಂದಲೇ. ಆದರೆ ಆಟಿಯ ಬೆಳಗ್ಗೆ ಕತ್ತಲಲ್ಲಿ ಪಾಲೆಯೆಂದು ವಿಷದ ಮರವಾದ ಕಾಸರಕನ ಕೆತ್ತೆ ಜಜ್ಜಿ ತಂದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮರ ಯಾವುದೆಂದು ಸಸ್ಯಶಾಸ್ತ್ರ ವಿಭಾಗದಿಂದ ಖಚಿತಪಡಿಸಿಕೊಂಡು ಮಾದರಿ ತೆಗೆದಿಡಲಿ. ಇಡೀ ಸಾರದಲ್ಲೇ ನಿಲ್ಲದೆ ಅದರೊಳಗಿನ ರಾಸಾಯನಿಕಗಳನ್ನು ಬೇರೆ ಬೇರೆಯಾಗಿ ಬಿಡಿಸುತ್ತ ಹೋಗಲಿ. ಬರಿಯ ದ್ರಾವಕ ಹಾಕಿದ ಗುಳಿ ಒಂದು, ಗೊತ್ತಿರುವ ಆಂಟಿಬಯಾಟಿಕ್ ಹಾಕಿದ ಗುಳಿ ಒಂದು ಪಕ್ಕದಲ್ಲಿ ಇರಲೇಬೇಕು. ವೃತ್ತದ ಅಗಲ ಅಳೆಯುವ ಬದಲು ಬೆಳವಣಿಗೆ ನಿಲ್ಲಿಸುವ ಕನಿಷ್ಠ ಸಾಂದ್ರತೆ ಬರೆಯಲಿ, ಅದರ ಪಕ್ಕದಲ್ಲೇ ರಕ್ತಕಣ ಒಡೆಯುವ ಸಾಂದ್ರತೆಯನ್ನೂ ಬರೆಯಲಿ. ಅಜ್ಜನ ಕಾಯಿಲೆಯ ಸೂಕ್ಷ್ಮಾಣುವನ್ನೇ ಬೆಳೆಸುತ್ತೇನೆ ಎಂದು ಹೊರಟರೆ ಮಾತ್ರ ತಡೆಯಿರಿ, ಅದು ಕಾಲೇಜಿನ ಬೆಂಚಿನ ಮೇಲಿಡುವ ವಸ್ತುವಲ್ಲ. ಅದರ ನಿರುಪದ್ರವಿ ಎನ್ನಬಹುದಾದ ದಾಯಾದಿ ಬರ್ಕೊಲ್ಡೇರಿಯ ಥಾಯ್ಲಂಡೆನ್ಸಿಸ್ ಇದೆ, ಅನೇಕ ಪ್ರಯೋಗಾಲಯಗಳು ಅದನ್ನೇ ಬದಲಿಗೆ ಬಳಸುತ್ತವೆ. ಮಾರ್ಗದರ್ಶಕರನ್ನು ಕೇಳಲಿ.

ಪಾಲೆ ಕೆತ್ತೆ 32 ಮೈಕ್ರೊಗ್ರಾಮಿನ ಗೆರೆ ದಾಟಲಿಲ್ಲ ಎಂದೇ ಫಲಿತಾಂಶ ಬಂದರೂ ನಮಗೆ ಬರೆದು ಕಳಿಸಲಿ. ಅಂಕಿ-ಅಂಶದ ಕೋಷ್ಟಕದ ಸಮೇತ ಎರಡು ಪುಟ ಕೊಡುತ್ತೇವೆ.

— ಸಂಪಾದಕ