ನಾನೇ ಹೊಲಿದ ಕೋಟಿನ ಎದೆಭಾಗದಲ್ಲಿ ಗುಳ್ಳೆ ಏಳುವುದು ಯಾಕೆ?

ಒಳಗೆ ಅಂಟಿಸಿದ ಫ್ಯೂಸಿಂಗ್ ಅಲ್ಲಲ್ಲಿ ಬಿಟ್ಟುಕೊಂಡಿರುತ್ತದೆ, ಅದಕ್ಕೇ. ಫ್ಯೂಸಿಂಗ್ ಅಂದರೆ ಕಾಲರ್, ಎದೆಭಾಗ ಬಿಗಿಯಾಗಿ ನಿಲ್ಲಲಿ ಅಂತ ಹಾಕುವ ಅಂಟಿನ ಬಟ್ಟೆ. ಆ ಅಂಟು ಬಿಸಿಗೆ ಕರಗಿ ಮೇಲಿನ ಬಟ್ಟೆಯ ಎಳೆಗಳೊಳಗೆ ಇಳಿಯಬೇಕು. ಅಂಗಿಗೆ ಮಾಡಿದ ಹಾಗೆ ಸುಮ್ನೆ ಇಸ್ತ್ರಿ ಆಡಿಸಿದರೆ ಅಷ್ಟು ಬಿಸಿ, ಒತ್ತಡ ಸಿಗುವುದಿಲ್ಲ. ಒಂದೊಂದೇ ಜಾಗದಲ್ಲಿ 10–15 ಸೆಕೆಂಡ್ ಒತ್ತಿ ಹಿಡಿದು, ಇಸ್ತ್ರಿ ಎತ್ತಿ ಪಕ್ಕದ ಜಾಗದ ಮೇಲೆ ಇಡಿ. ಆರುವ ತನಕ ಬಟ್ಟೆ ಅಲುಗಾಡಿಸಬೇಡಿ.

ಉಣ್ಣೆ ಬಟ್ಟೆಯಾದರೆ ಇನ್ನೊಂದು ತೊಂದರೆ. ಹಬೆ ತಾಗಿದಾಗ ಅದು ಕುಗ್ಗುತ್ತದೆ, ಫ್ಯೂಸಿಂಗ್ ಅಷ್ಟು ಕುಗ್ಗುವುದಿಲ್ಲ. ಈ ಎಳೆದಾಟದಲ್ಲಿ ಅಂಟು ಬಿಡುತ್ತದೆ. ಹಾಗಾಗಿ ಕತ್ತರಿ ಹಾಕುವ ಮೊದಲೇ ಬಟ್ಟೆಗೆ ಚೆನ್ನಾಗಿ ಹಬೆ ಕೊಡಿ. ತಾಳ್ಮೆ ಇದ್ದವರು ಫ್ಯೂಸಿಂಗ್ ಬದಲು ಕ್ಯಾನ್ವಾಸ್ ಅನ್ನುವ ಗಟ್ಟಿ ಬಟ್ಟೆ ಇಟ್ಟು ಕೈಯಲ್ಲೇ ಸಡಿಲವಾಗಿ ಹೊಲಿಯುತ್ತಾರೆ. ಅಲ್ಲಿ ಅಂಟೇ ಇಲ್ಲ. ಕೆಲಸ ಮಾತ್ರ ತುಂಬಾ ಜಾಸ್ತಿ!