ಒಂದು ಫೋಮ್ ತುಂಡು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆಯನ್ನು ಹೇಗೆ ನಾಶ ಮಾಡಿತು?

ಫೋಮ್ ಹಗುರ ನಿಜ, ಆದರೆ ಬಡಿದ ವೇಗ ಭಯಂಕರ. 2003ರ ಜನವರಿ 16ರಂದು, ಉಡಾವಣೆಯಾಗಿ ಸುಮಾರು 82 ಸೆಕೆಂಡಿಗೆ, ಹೊರಗಿನ ಇಂಧನ ಟ್ಯಾಂಕಿನ ಫೋಮ್ ಹೊದಿಕೆಯಿಂದ ಕಿತ್ತುಬಂದ ಮುಕ್ಕಾಲು ಕಿಲೋದಷ್ಟು ತುಂಡು ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗದಲ್ಲಿ ಎಡರೆಕ್ಕೆಯ ಮುಂಭಾಗದ ಅಂಚಿಗೆ ಬಡಿದು ತೂತು ಮಾಡಿತು. ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ಆ ತೂತಿನೊಳಗೆ ಕೆಂಡದಂಥ ಗಾಳಿ ನುಗ್ಗಿ ರೆಕ್ಕೆಯ ಅಲ್ಯೂಮಿನಿಯಂ ಚೌಕಟ್ಟನ್ನು ಕರಗಿಸಿತು. ಟೆಕ್ಸಾಸ್ ಮೇಲೆ ನೌಕೆ ಚೂರುಚೂರಾಯಿತು. ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು.

ನನ್ನನ್ನು ಇಂದಿಗೂ ಕಾಡುವುದು ನಡುವಿನ ಆ ಎರಡು ವಾರ. ಉಡಾವಣೆಯ ಮರುದಿನವೇ ವಿಡಿಯೊದಲ್ಲಿ ಪೆಟ್ಟು ಕಂಡಿತ್ತು. ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿದರು. ನಾಸಾದ ಮೇಲಿನವರು ತೆಗೆಸಲಿಲ್ಲ. ಹಿಂದೆಯೂ ಎಷ್ಟೋ ಸಲ ಫೋಮ್ ಉದುರಿತ್ತು, ಏನೂ ಆಗಿರಲಿಲ್ಲ ಎಂಬ ಧೈರ್ಯ. ತನಿಖಾ ಮಂಡಳಿ ಫೋಮಿನಷ್ಟೇ ದೋಷವನ್ನು ಈ ಮನೋಭಾವದ ಮೇಲೂ ಹೊರಿಸಿತು.