ಕ್ಯಾಮೆರಾ ಪ್ರಶ್ನೋತ್ತರ: ಹಕ್ಕಿಗೆ ಒಂದು, ಆಟಕ್ಕೆ ಇನ್ನೊಂದು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 63. ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆ, ಅಡಿಕೆ ತೋಟ. ಎರಡು ವರ್ಷದಿಂದ ಹಕ್ಕಿ ನೋಡುವ ಹುಚ್ಚು ಹತ್ತಿದೆ. ಇದುವರೆಗೆ ಮೊಬೈಲ್‌ನಲ್ಲೇ ಫೋಟೊ ತೆಗೆದೆ. ಹಕ್ಕಿ ಯಾವುದು, ಎಲೆ ಯಾವುದು ಎಂದೇ ಗೊತ್ತಾಗುವುದಿಲ್ಲ. ಪರಿಚಯದ ಛಾಯಾಗ್ರಾಹಕರೊಬ್ಬರು ತಮ್ಮ ಹಳೆಯ ನಿಕಾನ್ ಡಿ300ಎಸ್ (ಲೆನ್ಸ್ ಬದಲಿಸಬಹುದಾದ ಡಿಎಸ್ಎಲ್ಆರ್ ಕ್ಯಾಮೆರಾ) ಜೊತೆಗೆ 300 ಎಂಎಂ ಎಫ್/4 ಲೆನ್ಸ್ ಸೇರಿಸಿ 45,000 ರೂಪಾಯಿಗೆ ಕೊಡುತ್ತೇನೆ ಎಂದಿದ್ದಾರೆ. ಅದೇ ದುಡ್ಡಿಗೆ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ನಿಕಾನ್ ಪಿ950 (ಜೂಮ್ ಲೆನ್ಸ್ ಅಂಟಿಕೊಂಡೇ ಇರುವ ಸೂಪರ್‌ಜೂಮ್ ಕ್ಯಾಮೆರಾ) ಸಿಗುತ್ತಿದೆ. "ಪ್ರೊಫೆಷನಲ್ ಕ್ಯಾಮೆರಾ ಬಿಡಬೇಡಿ ಮಾವ" ಎಂದು ಅಳಿಯಂದಿರು ಹೇಳುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಪಿ950 ತೆಗೆದುಕೊಳ್ಳಿ. ಅಳಿಯಂದಿರಿಗೆ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ.

ಹಾಗಂತ ಅವರ ಮಾತು ಸುಳ್ಳಲ್ಲ. ಡಿ300ಎಸ್ 2009ರಲ್ಲಿ ಬಂದಾಗ ಹಕ್ಕಿ, ಕ್ರೀಡೆ ತೆಗೆಯುವವರು ಆಸೆಪಟ್ಟು ಕೊಂಡ ಕ್ಯಾಮೆರಾ. ಮೆಗ್ನೀಸಿಯಂ ಬಾಡಿ, 51 ಫೋಕಸ್ ಪಾಯಿಂಟ್, ಸೆಕೆಂಡಿಗೆ 7 ಚಿತ್ರ. ಆ 300 ಎಂಎಂ ಎಫ್/4 ಲೆನ್ಸ್ ಇವತ್ತಿಗೂ ಚೂಪು. ಹಾರುವ ಹಕ್ಕಿಯನ್ನು ಹಿಡಿಯುವುದರಲ್ಲಿ ಇವೆರಡರ ಮುಂದೆ ಪಿ950 ಏನೂ ಅಲ್ಲ. ಅದು ಕೆಲವೇ ಫೋಟೊ ಪಟಪಟ ಅಂತ ಹೊಡೆದು, ಆಮೇಲೆ ಬರೆದುಕೊಳ್ಳಲು ಸುಮ್ಮನೆ ಕೂತುಬಿಡುತ್ತದೆ. ಅಷ್ಟರಲ್ಲಿ ಹಕ್ಕಿ ಪಕ್ಕದ ಊರಿಗೆ ಹೋಗಿರುತ್ತದೆ.

ಆದರೆ ನಿಮಗೆ ಮೊದಲು ಬೇಕಾಗಿರುವುದು ಕೂತ ಹಕ್ಕಿ ಯಾವುದು ಎಂದು ಗುರುತಿಸುವಷ್ಟು ಒಳ್ಳೆಯ ಫೋಟೊ. ಅಲ್ವಾ? ಅದಕ್ಕೆ ಒಂದು ಲೆಕ್ಕ ಹಾಕೋಣ. ಬೇಲಿಯ ಮೇಲೆ ಮಡಿವಾಳ ಹಕ್ಕಿ ಕೂತಿದೆ ಎಂದುಕೊಳ್ಳಿ. ಕೊಕ್ಕಿನಿಂದ ಬಾಲದ ತನಕ ಸುಮಾರು 19 ಸೆಂಟಿಮೀಟರ್. ನೀವು ನಿಂತಿರುವುದು 30 ಮೀಟರ್ ದೂರ. 300 ಎಂಎಂ ಲೆನ್ಸ್ ಹಾಕಿದ ಡಿ300ಎಸ್‌ನಲ್ಲಿ ಆ ಹಕ್ಕಿ ಸಿಗುವುದು ಸುಮಾರು 345 ಪಿಕ್ಸೆಲ್ ಉದ್ದಕ್ಕೆ. ಇಡೀ ಚಿತ್ರದ ಅಗಲ 4,288 ಪಿಕ್ಸೆಲ್, ಅಂದರೆ ಹಕ್ಕಿ ಹನ್ನೆರಡರಲ್ಲಿ ಒಂದು ಪಾಲೂ ಇಲ್ಲ. ಪಿ950ರಲ್ಲಿ ಪೂರ್ತಿ ಜೂಮ್ ಮಾಡಿದರೆ ಅದೇ ಹಕ್ಕಿ ಸುಮಾರು 1,700 ಪಿಕ್ಸೆಲ್ ಆಗುತ್ತದೆ. ಐದು ಪಟ್ಟು.

ಇಲ್ಲಿ ಒಂದು ಮೋಸ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ 1,700 ಪಿಕ್ಸೆಲ್‌ಗಳಲ್ಲಿ ಎಲ್ಲವೂ ಕೆಲಸಕ್ಕೆ ಬರುವುದಿಲ್ಲ. ಪಿ950ರ ಸೆನ್ಸರ್ (ಬೆಳಕು ಹಿಡಿಯುವ ಫಲಕ) ನಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕದು. ಡಿ300ಎಸ್‌ನ ಸೆನ್ಸರ್ ಅದರ 13 ಪಟ್ಟು ದೊಡ್ಡದು. ಅಷ್ಟು ಸಣ್ಣ ಪಿಕ್ಸೆಲ್ ಮೇಲೆ, ಎಫ್/6.5ರ ಕಿಂಡಿಯಿಂದ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಬರುವ ಬೆಳಕು ಚುಕ್ಕೆಯಾಗಿ ಕೂರುವುದಿಲ್ಲ, ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ನಿಜವಾದ ವಿವರ ಸಿಗುವುದು ಅರ್ಧಕ್ಕಿಂತ ಕಡಿಮೆ. ಆದರೂ 345ಕ್ಕಿಂತ ಜಾಸ್ತಿಯೇ. ಹಕ್ಕಿಯನ್ನು ಗುರುತು ಹಿಡಿಯಲು ಅದು ಬೇಕಾದಷ್ಟಾಯಿತು.

ಇನ್ನು ತೂಕ. ಡಿ300ಎಸ್ ಬ್ಯಾಟರಿ ಸಮೇತ 940 ಗ್ರಾಂ, ಲೆನ್ಸ್ 1,440 ಗ್ರಾಂ. ಸೇರಿದರೆ ಎರಡೂವರೆ ಕೆಜಿಗೆ ತುಸು ಕಡಿಮೆ. ಅದರ ಮೇಲೆ ಆ ಲೆನ್ಸ್‌ನಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ. 1/500 ಸೆಕೆಂಡ್ ಶಟರ್ ಸಿಗದಿದ್ದರೆ ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಬೇಕೇ ಬೇಕು. ಪಿ950 ಕಾಂಪ್ಯಾಕ್ಟ್ ಜಾತಿಯದು ಎನ್ನುತ್ತಾರೆ, ಆದರೆ ಅದೂ ಒಂದು ಕೆಜಿ. ಜೇಬಿಗಂತೂ ಹೋಗುವುದಿಲ್ಲ. ಆದರೆ ಅದರ ನಡುಕ ತಡೆ ನಿಜಕ್ಕೂ ಚೆನ್ನಾಗಿದೆ. ಬೇಲಿಗೋ ಮರಕ್ಕೋ ಒರಗಿ ನಿಂತರೆ ಪೂರ್ತಿ ಜೂಮ್‌ನಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದು. ನನ್ನದೇ ಕತೆ ಹೇಳಬೇಕೆಂದರೆ, ದೊಡ್ಡ ಲೆನ್ಸ್ ಇರುವ ಚೀಲ ಮನೆಯಲ್ಲಿ ಬಿಟ್ಟು ಬರೀ ದುರ್ಬೀನು ಹಿಡಿದು ಹೊರಟ ದಿನಗಳೇ ಜಾಸ್ತಿ. ಮಂಗಟ್ಟೆ ಹಕ್ಕಿ ಕಾಣಿಸಿದ್ದೂ ಅಂಥ ದಿನವೇ.

ಇನ್ನೊಂದು ಸಂಗತಿ ಅಳಿಯಂದಿರಿಗೂ ಗೊತ್ತಿಲ್ಲದೇ ಇರಬಹುದು. ಡಿ300ಎಸ್‌ನಲ್ಲಿ ಹಸಿರು ಆಟೊ ಮೋಡ್ ಇಲ್ಲ. ಶಟರ್, ಕಿಂಡಿಗಳನ್ನು ಅಲ್ಪಸ್ವಲ್ಪವೋ ಪೂರ್ತಿಯೋ ನಾವೇ ಹೊಂದಿಸುವ ಪಿ, ಎಸ್, ಎ, ಎಂ ಇಷ್ಟೇ. ಕೆಲಸ ಬಲ್ಲವರ ಕೈಗೆ ಮಾಡಿದ ಯಂತ್ರ ಅದು. ಕಲಿಯಲು ಆಗುವುದಿಲ್ಲ ಎನ್ನುತ್ತಿಲ್ಲ, ನೀವು ಮೇಷ್ಟರು, ಕಲಿಯುತ್ತೀರಿ. ಆದರೆ ಮೊದಲ ಆರು ತಿಂಗಳು ಹಕ್ಕಿಗಿಂತ ಜಾಸ್ತಿ ಗುಂಡಿಗಳನ್ನೇ ನೋಡುತ್ತಿರುತ್ತೀರಿ. ಪಿ950ರ ಡಯಲ್‌ನಲ್ಲಿ ಹಕ್ಕಿಗೆಂದೇ ಒಂದು ಮೋಡ್ ಇದೆ, ಚಂದ್ರನಿಗೆ ಇನ್ನೊಂದು. ಅರ್ಧ ಚಂದ್ರ ಇರುವ ದಿನ ಮೊಮ್ಮಕ್ಕಳಿಗೆ ಚಂದ್ರನ ಕುಳಿಗಳನ್ನು ತೋರಿಸಿ. ಆಮೇಲೆ ಕ್ಯಾಮೆರಾ ನಿಮ್ಮ ಕೈಗೆ ವಾಪಸ್ ಬರುವುದು ಕಷ್ಟ.

ತಂದ ಮೊದಲ ದಿನ ಒಂದು ಅಭ್ಯಾಸ ಮಾಡಿ. ಪೂರ್ತಿ ಜೂಮ್ ಮಾಡಿದಾಗ ನಿಮಗೆ ಕಾಣುವುದು ಎಲೆಯೋ ಎಲೆ. ಹಕ್ಕಿ ಎಲ್ಲಿ ಹೋಯಿತು ಎಂದು ಹುಡುಕುವುದೇ ಕೆಲಸವಾಗುತ್ತದೆ. ಲೆನ್ಸ್‌ನ ಎಡಪಕ್ಕದಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದರೆ ಜೂಮ್ ಸರ್ರನೆ ಹಿಂದೆ ಬರುತ್ತದೆ, ಇಡೀ ಮರ ಕಾಣುತ್ತದೆ. ಹಕ್ಕಿಯನ್ನು ಚೌಕಟ್ಟಿನ ನಡುವೆ ತಂದು ಬೆರಳು ತೆಗೆದರೆ ಮತ್ತೆ ಮೊದಲಿನ ಜೂಮ್‌ಗೆ ಹೋಗುತ್ತದೆ. ಅಂಗಳದಲ್ಲಿ ನಿಂತು ತೆಂಗಿನ ಮರದ ತುದಿಯ ಒಂದೇ ಕಾಯಿಯನ್ನು ಹತ್ತು ಸಲ ಹುಡುಕಿ ನೋಡಿ. ಕೈಗೆ ಬರುತ್ತದೆ.

ಪಿ950 ಎಲ್ಲಿ ಸೋಲುತ್ತದೆ ಎಂಬುದೂ ಗೊತ್ತಿರಲಿ. ನಿಮ್ಮ ತೋಟದಲ್ಲೇ ಸೋಲುತ್ತದೆ! ಮಳೆಗಾಲದಲ್ಲಿ ಅಡಿಕೆ ಮರದ ಕೆಳಗೆ ಬೆಳಗ್ಗೆ ಎಂಟಾದರೂ ಮಬ್ಬು ಮಬ್ಬು. ಅಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿದರೆ ಗರಿಗಳೆಲ್ಲ ಬಣ್ಣದ ಮುದ್ದೆಯಾಗುತ್ತವೆ. 800ರ ಒಳಗೇ ಇಟ್ಟುಕೊಳ್ಳಿ. ತೋಟದ ಅಂಚು, ಗದ್ದೆ ಬಯಲು, ಗುಡವಿಯ ಕೆರೆ, ಅತ್ತಿವೇರಿ ಪಕ್ಷಿಧಾಮ, ಇಂಥ ಬೆಳಕಿರುವ ಜಾಗಗಳಲ್ಲಿ ಅದು ನಿಮ್ಮನ್ನು ಸಂತೋಷಪಡಿಸುತ್ತದೆ. ಬ್ಯಾಟರಿ ಸುಮಾರು 290 ಚಿತ್ರಕ್ಕೆ ಮುಗಿಯುತ್ತದೆ, ಇನ್ನೊಂದು ಇಟ್ಟುಕೊಳ್ಳಿ. ಡಿ300ಎಸ್ ಆದರೆ ಒಂದೇ ಚಾರ್ಜ್‌ಗೆ 950 ತೆಗೆಯುತ್ತಿತ್ತು, ಅದನ್ನು ಒಪ್ಪಲೇಬೇಕು.

ಒಂದು ಮಾತು ಮಾತ್ರ ನಿಮ್ಮ ಆಯ್ಕೆಯನ್ನು ತಿರುಗಿಸಬಹುದು. ಒಂದು ವರ್ಷದ ನಂತರ ಹಾರುವ ಬೆಳ್ಳಕ್ಕಿಯ ರೆಕ್ಕೆಯ ಒಂದೊಂದು ಗರಿ ಬೇಕು ಎನ್ನುವ ಆಸೆ ನಿಮಗೆ ಬಂದರೆ, ಆಗ ಆ ಛಾಯಾಗ್ರಾಹಕರಿಗೆ ಫೋನ್ ಮಾಡಿ. ಬಾಡಿ ಬೇಡ, 300 ಎಂಎಂ ಲೆನ್ಸ್ ಇದೆಯಾ ಎಂದು ಕೇಳಿ.

ಪ್ರಶ್ನೆ: ಕುಂದಾಪುರದ ಗೃಹಿಣಿ. ಮಗಳು ಯಕ್ಷಗಾನ ಕಲಿಯುತ್ತಿದ್ದಾಳೆ, ಮಕ್ಕಳ ಮೇಳದಲ್ಲಿ ವೇಷ ಮಾಡುತ್ತಾಳೆ. ಫೋಟೊ ಎಲ್ಲಾ ರಾತ್ರಿಯವೇ, ಮಸುಕಾಗಿ ಬರುತ್ತವೆ. ನನ್ನ ತಮ್ಮ ಕೆನಾನ್ ಎಸ್ಎಕ್ಸ್70 ಕೊಳ್ಳಲು ಹೇಳುತ್ತಿದ್ದಾನೆ, 65 ಪಟ್ಟು ಜೂಮ್ ಇದೆಯಂತೆ. ಆನ್‌ಲೈನ್‌ನಲ್ಲಿ ಹಳೆಯ ನಿಕಾನ್ ಡಿ700 ಕೂಡ ನೋಡಿದೆ. ಹದಿನೈದು ವರ್ಷಕ್ಕಿಂತ ಹಳೆಯದನ್ನು ಕೊಳ್ಳುವುದು ಹುಚ್ಚುತನವಾ?

ಉತ್ತರ: ಹುಚ್ಚುತನ ಅಲ್ಲ. ಮೇಲಿನ ಮೇಷ್ಟರಿಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ನಿಮಗೆ ಹೇಳುತ್ತೇನೆ.

ಯಕ್ಷಗಾನದ ಆಟದಲ್ಲಿ ನೀವು ಕೂರುವುದು ಮೊದಲ ಸಾಲಿನಲ್ಲಿ. ರಂಗಸ್ಥಳ ಆರು ಮೀಟರ್ ದೂರ ಇದ್ದೀತು. 65 ಪಟ್ಟು ಜೂಮ್ ಇಟ್ಟುಕೊಂಡು ಅಲ್ಲಿ ಏನು ಮಾಡುತ್ತೀರಿ? ಮಗಳ ಮೂಗುತಿ ತೆಗೆಯಬಹುದು ಅಷ್ಟೇ. ನಿಮಗಿರುವ ಕಷ್ಟ ದೂರದ್ದಲ್ಲ, ಕತ್ತಲೆಯದು.

ಡಿ700 ಬಂದಿದ್ದು 2008ರಲ್ಲಿ. 12 ಮೆಗಾಪಿಕ್ಸೆಲ್ ಮಾತ್ರ, ಆದರೆ ಸೆನ್ಸರ್ ಹಳೆಯ ರೀಲ್ ಕ್ಯಾಮೆರಾದ ಫ್ರೇಮಿನಷ್ಟು ದೊಡ್ಡದು. ಅದಕ್ಕೆ 85 ಎಂಎಂ ಎಫ್/1.8 ಲೆನ್ಸ್ ಹಾಕಿದರೆ, ಎಸ್ಎಕ್ಸ್70 ಇನ್ನೂ ಜೂಮ್ ಮಾಡುವ ಮೊದಲೇ ಹಿಡಿಯುವ ಬೆಳಕಿನ ನೂರು ಪಟ್ಟು ಬೆಳಕನ್ನು ಇದು ಹಿಡಿಯುತ್ತದೆ. ಜೂಮ್ ಮಾಡಿದಷ್ಟೂ ಎಸ್ಎಕ್ಸ್70ರ ಕಿಂಡಿ ಇನ್ನೂ ಸಣ್ಣದಾಗುತ್ತದೆ. ಆರು ಮೀಟರ್ ದೂರದಿಂದ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದರೆ 85 ಎಂಎಂನಲ್ಲಿ ಎರಡೂವರೆ ಮೀಟರ್ ಎತ್ತರ ಕಾಣುತ್ತದೆ. ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಇಡೀ ವೇಷ ಸಿಗುತ್ತದೆ.

ಲೆನ್ಸ್ ಹುಡುಕುವಾಗ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ಹಳೆಯ ಎಎಫ್ 85 ಎಂಎಂ ಎಫ್/1.8ಡಿ ಲೆನ್ಸ್ ಹೊಸದಕ್ಕಿಂತ ಅಗ್ಗ. ಅದರೊಳಗೆ ಫೋಕಸ್ ಮಾಡುವ ಮೋಟರ್ ಇಲ್ಲ, ಬಾಡಿಯೊಳಗಿನ ಮೋಟರ್ ಅದನ್ನು ತಿರುಗಿಸಬೇಕು. ಡಿ700ರಲ್ಲಿ ಆ ಮೋಟರ್ ಇದೆ. ಡಿ3500, ಡಿ5600ರಂಥ ಸಣ್ಣ ಕ್ಯಾಮೆರಾಗಳಲ್ಲಿ ಇಲ್ಲ. ಹಳೆಯ ಪ್ರೊಫೆಷನಲ್ ಬಾಡಿ ಕೊಂಡವರಿಗೆ ಸಿಗುವ ದೊಡ್ಡ ಲಾಭ ಇದು. ಆದರೆ ಎಎಫ್-ಪಿ ಎಂದು ಬರೆದಿರುವ ಲೆನ್ಸ್ ಯಾರಾದರೂ ಕಡಿಮೆಗೆ ಕೊಟ್ಟರೆ ಬೇಡ ಎನ್ನಿ. ಡಿ700ಕ್ಕೆ ಅದು ಕೂತುಕೊಳ್ಳುತ್ತದೆ, ಫೋಕಸ್ ಮಾತ್ರ ಆಗುವುದೇ ಇಲ್ಲ.

ತೆಗೆಯುವುದು ಹೇಗೆ? ಐಎಸ್ಒ 3200ಕ್ಕೆ ಇಡಿ, ಹೆದರಬೇಡಿ. ಸ್ವಲ್ಪ ರವೆ ರವೆ ಕಾಣಬಹುದು, ಮುಖದ ಬಣ್ಣಗಾರಿಕೆ ಮಾಸುವುದಿಲ್ಲ. ಫ್ಲಾಶ್ ಬೇಡವೇ ಬೇಡ. ಕಲಾವಿದರ ಕಣ್ಣು ಕುಕ್ಕುತ್ತದೆ, ಬಣ್ಣವೂ ಸಪ್ಪೆಯಾಗುತ್ತದೆ. ರಂಗಸ್ಥಳದ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿಯಿಂದ ಚಿತ್ರದಲ್ಲಿ ಪಟ್ಟೆ ಪಟ್ಟೆ ಬಂದರೆ ಶಟರ್ 1/100ಕ್ಕೆ ಇಟ್ಟು ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಅದಕ್ಕೆ ಇದು ಹೊಂದುತ್ತದೆ. ಆದರೆ 1/100ರಲ್ಲಿ ಧೀಂಗಿಣ (ಗಿರಗಿರ ತಿರುಗುವ ಕುಣಿತ) ಹಿಡಿಯಲು ಹೋಗಬೇಡಿ. ಕುಣಿತ ಮುಗಿದು ಮಗಳು ಬಿಗಿಯಾಗಿ ನಿಲ್ಲುವ ಗಳಿಗೆ ನಿಮಗೆ ಗೊತ್ತಿರುತ್ತದೆ, ಆಗ ಒತ್ತಿ. ಪದ್ಯ ಗೊತ್ತಿದ್ದವರಿಗೆ ಫೋಟೊ ಸುಲಭ.

ಕೊಳ್ಳುವಾಗ ಮಾತ್ರ ಮೈಮೇಲೆ ಎಚ್ಚರ ಇರಲಿ. ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಫೋಟೊ ನೋಡಿ ಹಳೆಯ ಬಾಡಿ ತರಿಸಿದೆ. ಫಳಫಳ ಹೊಳೆಯುತ್ತಿತ್ತು. ಕಾರ್ಡ್ ಹಾಕಲು ಹೋದರೆ ಒಳಗೇ ಹೋಗುತ್ತಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಹಳೆಯ ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಮೆಮೊರಿ ಕಾರ್ಡಿನ ಜಾಗದಲ್ಲಿ ಸೂಜಿಯಂಥ 50 ಪಿನ್ ಇರುತ್ತವೆ, ಒಂದು ಮಡಚಿ ಮಲಗಿತ್ತು. ಮಾರಿದವರು ಮತ್ತೆ ಫೋನ್ ಎತ್ತಲಿಲ್ಲ. ಡಿ700 ಸಿಎಫ್ ಕಾರ್ಡ್ ಒಂದನ್ನೇ ತಿನ್ನುವುದು. ಆದ್ದರಿಂದ ಆ ಪಿನ್‌ಗಳನ್ನು ಮೊದಲು ನೋಡಿ. ಆಮೇಲೆ ಒಂದು ಫೋಟೊ ತೆಗೆದು, ಆ ಫೈಲನ್ನು ಹಾಗೇ ಮನೆಗೆ ತಂದು ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಸಲ ಶಟರ್ ಒತ್ತಿದ್ದಾರೆ ಎಂಬ ಲೆಕ್ಕ, ನೋಡಿ. ಈ ಕ್ಯಾಮೆರಾದ ಶಟರ್ ಅನ್ನು 1.5 ಲಕ್ಷ ಸಲಕ್ಕೆ ಪರೀಕ್ಷೆ ಮಾಡಿ ಬಿಟ್ಟಿದ್ದರು. 60-70 ಸಾವಿರ ಸಲದ ಒಳಗಿದ್ದರೆ ಒಳ್ಳೆಯದು. ಹಿಡಿಕೆಯ ರಬ್ಬರ್ ಉಬ್ಬಿ ಸಡಿಲವಾಗಿದ್ದರೆ ಗಾಬರಿ ಬೇಡ, ಈ ಕಾಲದ ನಿಕಾನ್‌ಗಳಿಗೆ ಅದು ಮಾಮೂಲಿ. ಬೆಲೆ ಇಳಿಸಲು ಒಳ್ಳೆಯ ನೆಪ.

ಡಿ700ರಲ್ಲಿ ವಿಡಿಯೊ ಇಲ್ಲ ಎನ್ನುವುದು ನೆನಪಿರಲಿ. ಮಗಳ ಪ್ರವೇಶದ ವಿಡಿಯೊ ಬೇಕಿದ್ದರೆ ಆ ಕೆಲಸವನ್ನು ತಮ್ಮನಿಗೆ ವಹಿಸಿ, ಮೊಬೈಲ್ ಅವನ ಕೈಲಿರುತ್ತದಲ್ಲ.

ಪ್ರಶ್ನೆ: ಕೊಪ್ಪದಿಂದ. ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯುತ್ತದೆ. ಜೂಮ್ ಅಂಟಿಕೊಂಡೇ ಇರುವ ಕ್ಯಾಮೆರಾ ಆದರೆ ಈ ತೊಂದರೆ ಇರುವುದಿಲ್ಲವಂತೆ, ನಿಜವಾ?

ಉತ್ತರ: ಸುಳ್ಳು. ಜೂಮ್ ಉದ್ದ ಆಗುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈ ಗಾಳಿ ಎಂದರೆ ಅರ್ಧ ನೀರು. ಡಿಎಸ್ಎಲ್ಆರ್ ಲೆನ್ಸ್ ಆದರೆ ಬಿಚ್ಚಿ ಕ್ಲೀನ್ ಮಾಡಿಸಬಹುದು. ಸೂಪರ್‌ಜೂಮ್ ಬಿಚ್ಚಲು ರಿಪೇರಿಯವರೇ ಹಿಂದೆ ಮುಂದೆ ನೋಡುತ್ತಾರೆ.

ಚರ್ಮದ ಚೀಲದಲ್ಲಿ ಇಡಬೇಡಿ, ಅದೇ ತೇವ ಹಿಡಿದುಕೊಳ್ಳುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ ಸಾಕು, ಅಡುಗೆಮನೆಯಲ್ಲಿ ಹಪ್ಪಳ ತುಂಬುವಂಥದ್ದು. ಒಳಗೆ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿ ಆಗುವವರೆಗೆ ಬಿಸಿ ಮಾಡಿ ಮತ್ತೆ ಹಾಕಿ. ಆ ಬಾಣಲೆಯನ್ನು ಮತ್ತೆ ಒಗ್ಗರಣೆಗೆ ಬಳಸಬೇಡಿ.